ಹಳೇ ಮ್ಯಾಸಿ ಟ್ರ್ಯಾಕ್ಟರ್ ಇಂಜಿನ್‌ಗೆ ಪಾರ್ಟ್ಸ್ ಹುಡುಕುವುದು ಹೇಗೆ?

ನಮ್ಮಪ್ಪ ತಂದ ಮ್ಯಾಸಿ ಫರ್ಗ್ಯುಸನ್ 1035 ಎಂಟು ವರ್ಷ ಕೊಟ್ಟಿಗೆ ಪಕ್ಕದಲ್ಲಿ ಸುಮ್ನೆ ನಿಂತಿತ್ತು. ಸೀಟಿನ ಮೇಲೆ ಕೋಳಿ ಕಾವು ಕೂರುತ್ತಿತ್ತು. ಅದನ್ನು ಮತ್ತೆ ಓಡಿಸಬೇಕು ಅಂತ ಹೊರಟಾಗ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಪೇಟೆಗೆ ಹೋಗಿ, ಅಂಗಡಿಯಲ್ಲಿ ನಿಂತು, "1035ಕ್ಕೆ ಪಿಸ್ಟನ್ ಲೈನರ್ ಸೆಟ್ ಕೊಡಿ" ಅಂದೆ. ಲೈನರ್ ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಅದರ ಒಳ ಅಗಲವೇ ಬೋರು. ಅವರು ಕೊಟ್ಟರು, ನಾನು ತಂದೆ. ಮನೆಗೆ ಬಂದು ನೋಡಿದರೆ ಹೊಸ ಪಿಸ್ಟನ್ ನಮ್ಮ ಬೋರಿನ ಒಳಗೇ ಇಳಿಯುತ್ತಿಲ್ಲ. ಎರಡೂವರೆ ಮಿಲಿಮೀಟರ್ ದಪ್ಪ! ಡಬ್ಬಿ ಒಡೆದಿದ್ದರಿಂದ ವಾಪಸ್ಸೂ ಇಲ್ಲ.

ನಮ್ಮ ಮೇಸ್ತ್ರಿ ನಗಲಿಲ್ಲ. "ಹಳೇ ಪಿಸ್ಟನ್ ಕೈಯಲ್ಲಿ ಹಿಡ್ಕೊಂಡು ಹೋಗಿದ್ರಾ ಸ್ವಾಮಿ?" ಅಂತ ಮಾತ್ರ ಕೇಳಿದರು.

ಹೋಗಿರಲಿಲ್ಲ. ಟ್ರ್ಯಾಕ್ಟರಿನ ಹೆಸರು ಹೇಳಿ ಪಾರ್ಟ್ ಕೇಳಿದರೆ ಹೀಗೇ ಆಗುವುದು. ಪಾರ್ಟ್ ಸಿಗುವುದು ನಂಬರಿನಿಂದ, ಅಳತೆಯಿಂದ, ಇಲ್ಲವೇ ಕೈಯಲ್ಲಿರುವ ಹಳೇ ಪಾರ್ಟಿನಿಂದ. ನಾನು ಇಲ್ಲಿ ಹೇಳುವುದು 1035ರ ಬಗ್ಗೆ, ಯಾಕೆಂದರೆ ನನಗೆ ಗೊತ್ತಿರುವುದು ಅದು. ಬೇರೆ ಟ್ರ್ಯಾಕ್ಟರ್ ಇದ್ದವರಿಗೂ ದಾರಿ ಹೆಚ್ಚುಕಡಿಮೆ ಇದೇ.

1. ನಿಮ್ಮಲ್ಲಿರುವುದು ಯಾವ ಇಂಜಿನ್ ಅಂತ ಮೊದಲು ತಿಳಿದುಕೊಳ್ಳಿ

ಬಾನೆಟ್ ಮೇಲಿನ ಹೆಸರು ಟ್ರ್ಯಾಕ್ಟರಿನದು, ಇಂಜಿನ್ನಿನದಲ್ಲ. ನಮ್ಮಲ್ಲಿ ಮ್ಯಾಸಿ ಟ್ರ್ಯಾಕ್ಟರ್ ಮಾಡಿದ್ದು 1960ರಲ್ಲಿ ಚೆನ್ನೈನಲ್ಲಿ ಶುರುವಾದ ಟಾಫೆ. ಇಂಜಿನ್ ಮಾತ್ರ ಚೆನ್ನೈನದೇ ಸಿಂಪ್ಸನ್ ಕಂಪನಿಯದು. ಅದರ ಮೂಲ ಇಂಗ್ಲೆಂಡಿನ ಪರ್ಕಿನ್ಸ್. ಅದಕ್ಕೇ ಅಂಗಡಿಯವರು ಇದನ್ನು ಒಮ್ಮೆ ಮ್ಯಾಸಿ ಅನ್ನುತ್ತಾರೆ, ಒಮ್ಮೆ ಸಿಂಪ್ಸನ್ ಅನ್ನುತ್ತಾರೆ, ಇನ್ನೊಮ್ಮೆ ಪರ್ಕಿನ್ಸ್ ಅನ್ನುತ್ತಾರೆ. ಮೂರೂ ಹೆಸರಲ್ಲಿ ಕೇಳಿ ನೋಡಿ. ಒಂದು ಹೆಸರಿಗೆ "ಇಲ್ಲ" ಅಂದವರು ಇನ್ನೊಂದಕ್ಕೆ "ಇದೆ" ಅಂದದ್ದುಂಟು.

ಈ ಮೂರು ಸಿಲಿಂಡರಿನ ಪರ್ಕಿನ್ಸ್ ವಂಶದಲ್ಲಿ ಎರಡು ಬೋರ್ ಇವೆ. 3.144 ಅನ್ನುವುದಕ್ಕೆ ಮೂರೂವರೆ ಇಂಚು, ಅಂದರೆ 88.9 ಮಿ.ಮೀ. 3.152 ಅನ್ನುವುದಕ್ಕೆ 3.6 ಇಂಚು, ಅಂದರೆ 91.4 ಮಿ.ಮೀ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, ಎರಡಕ್ಕೂ ಐದು ಇಂಚೇ, 127 ಮಿ.ಮೀ. ಲೆಕ್ಕ ಹಾಕಿದರೆ ಮೊದಲನೆಯದು 2365 ಸಿಸಿ, ಎರಡನೆಯದು ಸುಮಾರು 2500 ಸಿಸಿ. ಹೊರಗಿನಿಂದ ನೋಡಿದರೆ ಅಣ್ಣತಮ್ಮ. ನಾನು ಎಡವಿದ್ದು ಇಲ್ಲೇ. ನಮ್ಮದು ಸಣ್ಣ ಬೋರು, ತಂದದ್ದು ದೊಡ್ಡ ಬೋರಿನ ಸೆಟ್ಟು.

ಇಂಜಿನ್ ನಂಬರ್ ಬ್ಲಾಕಿನ (ಇಂಜಿನ್ನಿನ ದೊಡ್ಡ ಕಬ್ಬಿಣದ ಒಡಲಿನ) ಮೇಲೆ, ಸಪಾಟಾದ ಒಂದು ಜಾಗದಲ್ಲಿ ಹೊಡೆದಿರುತ್ತಾರೆ. ಡೀಸೆಲ್ ಪಂಪಿನ ಆಸುಪಾಸಿನಿಂದ ಹುಡುಕಲು ಶುರು ಮಾಡಿ. ಅದರ ಮೇಲೆ ಮೂವತ್ತು ವರ್ಷದ ಗ್ರೀಸು, ಧೂಳು, ಮೂರು ಸಲದ ಪೇಂಟು ಇರುತ್ತದೆ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಅರ್ಧ ಗಂಟೆ ಅಲ್ಲೇ ಅಂಟಿಸಿಬಿಡಿ. ಆಮೇಲೆ ವೈರ್ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ. ಉಳಿ, ಗ್ರೈಂಡರ್ ಬೇಡ, ಅಕ್ಷರ ಹೋಗುತ್ತದೆ. ಒಣಗಿದ ಮೇಲೆ ಬಳಪವನ್ನು ಅಡ್ಡಡ್ಡ ಉಜ್ಜಿ, ಅಂಗೈಯಿಂದ ಒರೆಸಿ. ಮೇಲಿನ ಪುಡಿ ಹೋಗಿ, ಗುಳಿಯಲ್ಲಿ ಸೇರಿದ ಪುಡಿ ಉಳಿದು, ನಂಬರ್ ಬೆಳ್ಳಗೆ ಎದ್ದು ಕಾಣುತ್ತದೆ. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆರ್‌ಸಿ ಜತೆ ತಾಳೆ ನೋಡಿ. ತಾಳೆಯಾಗದಿದ್ದರೆ ಹಿಂದೆ ಯಾರೋ ಬ್ಲಾಕ್ ಬದಲಾಯಿಸಿದ್ದಾರೆ ಅಂತ ಅರ್ಥ. ಆಗ ಬಾನೆಟ್ ಹೆಸರನ್ನು ಮರೆತುಬಿಡಿ, ಬ್ಲಾಕ್ ಏನು ಹೇಳುತ್ತದೋ ಅದೇ ಸರಿ.

ಇನ್ನೊಂದು ಪ್ರಶ್ನೆ ಡಿಐ (ಡೈರೆಕ್ಟ್ ಇಂಜೆಕ್ಷನ್) ಹೌದೋ ಅಲ್ಲವೋ ಅನ್ನುವುದು. ಹಳೇ ಪರ್ಕಿನ್ಸ್‌ನಲ್ಲಿ ಡೀಸೆಲ್ ಮೊದಲು ಬ್ಲಾಕಿನ ಮೇಲೆ ಕೂರುವ ಹೆಡ್ಡಿನಲ್ಲಿರುವ ಸಣ್ಣ ಕೋಣೆಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತಿತ್ತು. ಆಮೇಲೆ ಬಂದ ಡಿಐನಲ್ಲಿ ನೇರ ಪಿಸ್ಟನ್ ತಲೆಯ ಮೇಲಿನ ಬಟ್ಟಲಿಗೇ ಸಿಡಿಯುತ್ತದೆ. ಬೋರ್ ಒಂದೇ ಇದ್ದರೂ ಪಿಸ್ಟನ್, ಹೆಡ್, ಡೀಸೆಲ್ ಸಿಡಿಸುವ ನಾಝಲ್ ಎಲ್ಲ ಬೇರೆ. ಅದನ್ನು ಇದಕ್ಕೆ ಹಾಕಿದರೆ ಗಾಡಿ ಸ್ಟಾರ್ಟೇ ಆಗದೆ ಸತಾಯಿಸಬಹುದು, ಆದರೂ ಬರೀ ಹೊಗೆ ಬಿಡಬಹುದು. ಹೆಡ್ ಎತ್ತಿದಾಗ ಪಿಸ್ಟನ್ ತಲೆಯ ಫೋಟೋ ತೆಗೆಯಿರಿ. ಅಂಗಡಿಯಲ್ಲಿ ಹತ್ತು ಮಾತಿಗಿಂತ ಆ ಒಂದು ಫೋಟೋ ಜಾಸ್ತಿ ಕೆಲಸ ಮಾಡುತ್ತದೆ.

2. ಬಿಚ್ಚುವಾಗಲೇ ಬರೆದಿಡಿ

ಬಿಚ್ಚುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ, ಅದು ಮೇಸ್ತ್ರಿ ಕೆಲಸ. ಪಾರ್ಟ್ಸ್ ಹುಡುಕುವವರಿಗೆ ಬೇಕಾದ ಎರಡು ಮಾತು ಮಾತ್ರ.

ಪಿಸ್ಟನ್ನನ್ನು ಕ್ರ್ಯಾಂಕಿಗೆ (ಇಂಜಿನ್ನಿನ ತಳದಲ್ಲಿ ತಿರುಗುವ ಶಾಫ್ಟಿಗೆ) ಜೋಡಿಸುವ ಕನೆಕ್ಟಿಂಗ್ ರಾಡ್ ಮತ್ತು ಅದರ ಕ್ಯಾಪ್ ಜೋಡಿ. ಎರಡರ ಪಕ್ಕದಲ್ಲೂ ಒಂದೇ ನಂಬರ್ ಇರುತ್ತದೆ. ಇಲ್ಲದಿದ್ದರೆ ಬಿಚ್ಚುವ ಮೊದಲೇ ಗುರುತು ಹಾಕಿ. ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪ್‌ಗಳು ಬ್ಲಾಕಿನ ಜತೆಗೇ ಕೊರೆದಂಥವು. ಇವು ಕಳೆದರೆ ಬೇರೆ ಬ್ಲಾಕಿನ ಕ್ಯಾಪ್ ತಂದು ಹಾಕಿ ಕೆಲಸ ಮುಗಿಸಲು ಆಗುವುದಿಲ್ಲ, ಮತ್ತೆ ಲೈನ್ ಬೋರಿಂಗ್ ಮಾಡಿಸಬೇಕು, ಅಂದರೆ ಬೇರಿಂಗ್ ಕೂರುವ ತೂತುಗಳನ್ನೆಲ್ಲ ಒಂದೇ ಗೆರೆಗೆ ಕೊರೆಸಬೇಕು.

ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆ ಬ್ಲಾಕಿನ ಮುಖಕ್ಕಿಂತ ಎಷ್ಟು ಮೇಲಿದೆ ಅಥವಾ ಕೆಳಗಿದೆ ಅಂತ ಬಿಚ್ಚುವ ಮೊದಲು ಅಳೆಸಿಡಿ. ಹೊಸ ಪಿಸ್ಟನ್ ಕೂರಿಸಿದಾಗ ಇದೇ ಅಳತೆ ಬರಬೇಕು. ಪರ್ಕಿನ್ಸ್ ವಂಶಕ್ಕೆ ಸಿಗುವ ಕೆಲವು ಪಿಸ್ಟನ್‌ಗಳ ತಲೆ ಲೇತ್‌ನಲ್ಲಿ ಕೊಂಚ ತೆಗೆಸಬೇಕಾದಂಥವು. ಈ ಅಳತೆ ಇಲ್ಲದಿದ್ದರೆ ಎಷ್ಟು ತೆಗೆಸಬೇಕು ಅನ್ನುವುದೇ ಗೊತ್ತಾಗುವುದಿಲ್ಲ.

3. ಅಳೆಯಿರಿ, ಆಮೇಲೆ ದುಡ್ಡು ತೆಗೆಯಿರಿ

ವರ್ನಿಯರ್ ಒಂದು ನಿಮ್ಮದೇ ಇರಲಿ. ಸೂಕ್ಷ್ಮ ಅಳತೆಗೆ ಬೋರ್ ಗೇಜು, ಮೈಕ್ರೋಮೀಟರ್ ಲೇತ್‌ನವರ ಹತ್ತಿರ ಇರುತ್ತವೆ.

ಬೋರ್ ಅಳೆಯುವಾಗ ಪಿಸ್ಟನ್ನಿನ ರಿಂಗ್ ಓಡಾಡುವ ಮೇಲ್ಭಾಗದಲ್ಲಿ ಒಂದು ಸಲ, ರಿಂಗ್ ಮುಟ್ಟದ ತಳದಲ್ಲಿ ಒಂದು ಸಲ ನೋಡಿ. ತಳದ್ದು ಮೂಲ ಸೈಜು, ಮೇಲಿನದು ಸವೆದ ಸೈಜು. ನಮ್ಮದರಲ್ಲಿ ತಳದಲ್ಲಿ 88.9, ಮೇಲೆ 89.2 ಇತ್ತು. ಉಗುರಿಗೆ ಸಿಗುವ ಹಾಗೆ ಮೆಟ್ಟಿಲೇ ಆಗಿತ್ತು. ಲೈನರ್ ಬದಲಾಯಿಸಲೇಬೇಕು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಕ್ರ್ಯಾಂಕಿನ ಕಥೆ ಸ್ವಲ್ಪ ಉದ್ದ. ಬೇರಿಂಗ್ ಶೆಲ್ಲು (ಕ್ರ್ಯಾಂಕ್ ಒರಗಿ ತಿರುಗುವ ಅರ್ಧ ಬಳೆ) ಬಿಚ್ಚಿದ ಕೂಡಲೇ ತಿರುಗಿಸಿ ಬೆನ್ನು ನೋಡಿ. ಅಲ್ಲಿ ಎಸ್‌ಟಿಡಿ (ಮೂಲ ಸೈಜು) ಅಂತಲೋ, 010, 020 ಅಂತಲೋ ಒತ್ತಿರುತ್ತದೆ. ಇದು ಥೌ, ಅಂದರೆ ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕ. ಹತ್ತು ಥೌ ಅಂದರೆ 0.25 ಮಿ.ಮೀ. ಕ್ರ್ಯಾಂಕ್ ಒಮ್ಮೆ ಗ್ರೈಂಡ್ ಆದರೆ ಹತ್ತು ಸಣ್ಣದಾಗುತ್ತದೆ, ಅದಕ್ಕೆ ಹತ್ತು ದಪ್ಪದ ಶೆಲ್ಲು. ಇನ್ನೊಮ್ಮೆ ಆದರೆ ಇಪ್ಪತ್ತು. ಮೂವತ್ತು ಸಾಮಾನ್ಯವಾಗಿ ಕಡೆಯದು. 3.152ರಲ್ಲಿ ಬಿಗ್ ಎಂಡ್ ಜರ್ನಲ್ (ಕ್ರ್ಯಾಂಕಿನಲ್ಲಿ ರಾಡ್ ಕೂರುವ ಭಾಗ) ಹೊಸದರಲ್ಲಿ 57.1 ಮಿ.ಮೀ. ಇರುತ್ತದೆ. ಇಪ್ಪತ್ತು ಕಡಿಮೆಯಾದರೆ 56.6 ಆಗುತ್ತದೆ. ನಮ್ಮ ಶೆಲ್ಲಿನ ಬೆನ್ನಲ್ಲಿ 020 ಇತ್ತು. ಅಪ್ಪ "ಇಂಜಿನ್ ಒಂದೇ ಸಲ ಬಿಚ್ಚಿದ್ದು" ಅಂತ ಹೇಳುತ್ತಿದ್ದರು. ಶೆಲ್ಲು ಬೇರೆಯೇ ಹೇಳಿತು.

ಇಲ್ಲಿ ತುಂಬ ಜನ ಮಾಡುವ ತಪ್ಪು ಒಂದಿದೆ. ಮೊದಲು ಕ್ರ್ಯಾಂಕ್ ಗ್ರೈಂಡ್ ಮಾಡಿಸಿಬಿಡುತ್ತಾರೆ, ಆಮೇಲೆ ಬೇರಿಂಗ್ ಹುಡುಕುತ್ತಾರೆ. ಮೂವತ್ತರ ಶೆಲ್ಲು ಎಲ್ಲೂ ಸಿಗದಿದ್ದರೆ? ಉಜ್ಜಿದ ಕಬ್ಬಿಣ ವಾಪಸ್ ಬರುವುದಿಲ್ಲ. ಗ್ರೈಂಡಿಂಗ್‌ನವರ ಹತ್ತಿರ ಮೊದಲು ಅಳತೆ ಮಾತ್ರ ಮಾಡಿಸಿ, ಬಿರುಕಿದೆಯಾ ಅಂತಲೂ ಪರೀಕ್ಷೆ ಮಾಡಿಸಿ. "ಇಷ್ಟಕ್ಕೆ ಇಳಿಸಬೇಕು" ಅಂತ ಅವರು ಹೇಳಿದ ಮೇಲೆ ಆ ಸೈಜಿನ ಶೆಲ್ಲು, ಮೇನ್ ಮತ್ತು ಬಿಗ್ ಎಂಡ್ ಎರಡೂ, ಕೈಗೆ ಬರಲಿ. ಆ ಶೆಲ್ಲನ್ನೂ ಕ್ರ್ಯಾಂಕಿನ ಜತೆಗೇ ಅವರಿಗೆ ಕೊಡಿ. ಆಮೇಲೆ ಗ್ರೈಂಡಿಂಗ್.

4. ಮೂರು ಗುಡ್ಡೆ ಮಾಡಿ

ಅಳತೆ ಮುಗಿದ ಮೇಲೆ ನೆಲಕ್ಕೆ ಗೋಣಿಚೀಲ ಹಾಸಿ ಪಾರ್ಟುಗಳನ್ನು ಮೂರು ಗುಡ್ಡೆ ಮಾಡಿ. ಟ್ರ್ಯಾಕ್ಟರ್ ಅಂಗಡಿಯಲ್ಲೇ ತರಬೇಕಾದವು ಒಂದು. ಎಲ್ಲಾದರೂ ಸಿಗುವಂಥವು ಒಂದು. ರಿಪೇರಿಯಾಗುವಂಥವು ಇನ್ನೊಂದು. ಎಲ್ಲವನ್ನೂ ಟ್ರ್ಯಾಕ್ಟರ್ ಅಂಗಡಿಯಲ್ಲೇ ಕೇಳಿದರೆ ದುಡ್ಡೂ ಜಾಸ್ತಿ, "ಇಲ್ಲ" ಅನ್ನಿಸಿಕೊಳ್ಳುವುದೂ ಜಾಸ್ತಿ.

ಉದಾಹರಣೆಗೆ ಬಾಲ್ ಬೇರಿಂಗ್. ಬಳೆಯ ಪಕ್ಕದಲ್ಲಿ 6203 ಅಂತ ಇದ್ದರೆ ಅದು ಪ್ರಪಂಚದಲ್ಲೆಲ್ಲ ಒಂದೇ ಅಳತೆ. ಒಳಗೆ 17, ಹೊರಗೆ 40, ಅಗಲ 12 ಮಿ.ಮೀ. ಟ್ರ್ಯಾಕ್ಟರ್ ಹೆಸರೇ ಹೇಳಬೇಡಿ, ಬೇರಿಂಗ್ ಅಂಗಡಿಗೆ ಹೋಗಿ ನಂಬರ್ ಹೇಳಿ. ಆಯಿಲ್ ಸೀಲೂ ಹಾಗೇ. ರಬ್ಬರಿನ ಮೇಲೆ ಒಳಗಿನದು, ಹೊರಗಿನದು, ದಪ್ಪ ಅಂತ ಮೂರು ಅಂಕಿ ಇರುತ್ತವೆ. ಅಳಿಸಿಹೋಗಿದ್ದರೆ ಸೀಲನ್ನಲ್ಲ, ಅದು ಕೂರುವ ಗೂಡನ್ನು ಮತ್ತು ಶಾಫ್ಟನ್ನು ಅಳೆಯಿರಿ. ಹಳೇ ರಬ್ಬರ್ ಉಬ್ಬಿರುತ್ತದೆ, ಅದರ ಮಾತು ನಂಬುವ ಹಾಗಿಲ್ಲ. ಒಂದು ಮಾತು: ಹಳೇ ಪರ್ಕಿನ್ಸ್‌ನಲ್ಲಿ ಕ್ರ್ಯಾಂಕಿನ ಹಿಂಭಾಗಕ್ಕೆ ರಬ್ಬರ್ ಸೀಲ್ ಇರುವುದಿಲ್ಲ, ಎರಡು ಹೋಳಿನ ಮನೆಯಲ್ಲಿ ಕೂರುವ ಹಗ್ಗದ ಸೀಲು. ಇದನ್ನು ಇಂಜಿನ್ ಪಾರ್ಟಿನ ಅಂಗಡಿಯಲ್ಲೇ ಕೇಳಬೇಕು.

ಬೋಲ್ಟ್ ವಿಷಯದಲ್ಲಿ ಹುಷಾರು. ಪರ್ಕಿನ್ಸ್ ಮೂಲದ್ದೆಲ್ಲ ಇಂಚಿನ ಮರೆ (ಥ್ರೆಡ್). ಈಗ ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಮಿಲಿಮೀಟರ್ ಮರೆ. ಎರಡು ಸುತ್ತು ಹೋಗುತ್ತದೆ, ಮೂರನೆಯದಕ್ಕೆ ಬಿಗಿ. ಅಲ್ಲಿ ಪಾನ ಹಾಕಿ ಎಳೆದರೆ ಬ್ಲಾಕಿನ ಮರೆ ಹೋಯಿತು ಅಂತಲೇ. ಬೆರಳಲ್ಲಿ ಪೂರ್ತಿ ತಿರುಗದ ಬೋಲ್ಟ್ ನಿಮ್ಮದಲ್ಲ.

ಸಂಪು (ಇಂಜಿನ್ ತಳದ ಆಯಿಲ್ ತಟ್ಟೆ), ಟೈಮಿಂಗ್ ಕವರ್, ವಾಟರ್ ಪಂಪಿನ ಪ್ಯಾಕಿಂಗ್ ಸಿಗದಿದ್ದರೆ ಚಿಂತೆಯಿಲ್ಲ, ಮನೆಯಲ್ಲೇ ಆಗುತ್ತದೆ. ಪ್ಯಾಕಿಂಗ್ ಶೀಟನ್ನು ಕವರಿನ ಮುಖದ ಮೇಲೆ ಹಾಸಿ, ಗುಂಡು ತಲೆಯ ಸಣ್ಣ ಸುತ್ತಿಗೆಯಿಂದ ಅಂಚಿನ ಗುಂಟ ಟಕ್ ಟಕ್ ಅಂತ ಮೆಲ್ಲಗೆ ಬಡಿಯುತ್ತ ಹೋಗಿ. ಕಬ್ಬಿಣದ ಅಂಚೇ ಶೀಟನ್ನು ಕತ್ತರಿಸುತ್ತದೆ. ಮೊದಲು ಎರಡು ಬೋಲ್ಟ್ ತೂತು ಮಾಡಿಕೊಂಡು ಬೋಲ್ಟ್ ತೂರಿಸಿದರೆ ಶೀಟು ಜರುಗುವುದಿಲ್ಲ. ಹೆಡ್ ಪ್ಯಾಕಿಂಗ್ ಮಾತ್ರ ಹೀಗೆ ಮಾಡಲು ಹೋಗಬೇಡಿ. ಅದು ಕಂಪನಿಯದೇ ಬೇಕು, ಹಳೇದನ್ನು ಮತ್ತೆ ಹಾಕುವುದೂ ಬೇಡ.

ವಾಲ್ವ್ ಗೈಡು, ಸೀಟು, ಸಣ್ಣ ಬುಷ್‌ಗಳನ್ನು ಒಳ್ಳೇ ಲೇತ್‌ನವರು ಮಾಡಿಕೊಡುತ್ತಾರೆ. ಹೆಡ್ ಬಿರುಕು ಬಿಟ್ಟಿದೆಯಾ ಅಂತ ನೀರಿನ ಪ್ರೆಷರ್ ಹಾಕಿಸಿ ನೋಡಿಸಿ. ಅದಕ್ಕೆ ಮೊದಲು ಹೊಸ ವಾಲ್ವ್ ತರಬೇಡಿ.

ಡೀಸೆಲ್ ಪಂಪನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಈ ಇಂಜಿನ್‌ಗಳಿಗೆ ಬಂದದ್ದು ಹೆಚ್ಚಾಗಿ ಸಿಎವಿ ಡಿಪಿಎ ಅನ್ನುವ ಗುಂಡಗಿನ ರೋಟರಿ ಪಂಪು. ಅದರ ಮೈಮೇಲೆ ಸಣ್ಣ ತಗಡಿನ ಪಟ್ಟಿ ಇರುತ್ತದೆ. ಅದರಲ್ಲಿರುವ ನಂಬರನ್ನು ಪೂರ್ತಿ ಬರೆದುಕೊಳ್ಳಿ, ಕೊನೆಯ ಅಕ್ಷರ ಬಿಡದೆ. ಒಳಗಿನ ಹೆಡ್ಡು ಮತ್ತು ರೋಟರ್ ಒಂದಕ್ಕೊಂದು ಉಜ್ಜಿ ಕೂರಿಸಿದ ಜೋಡಿ. ಒಂದು ಪಂಪಿನ ರೋಟರ್ ಇನ್ನೊಂದಕ್ಕೆ ಆಗುವುದಿಲ್ಲ. ನಾಝಲ್‌ನ ಸೂಜಿ ಮತ್ತು ಮನೆಯೂ ಹಾಗೇ. ಬೆಂಗಳೂರಿನಲ್ಲಿ ಡೀಸೆಲ್ ಪಂಪು ಮಾಡುವ ಮೈಕೋ ಕಂಪನಿ ಶುರುವಾದಾಗಿನಿಂದ ನಮ್ಮ ಕಡೆ ಡೀಸೆಲ್ ಪಂಪಿನ ಕೆಲಸ ಬಲ್ಲವರಿಗೆ ಬರವಿಲ್ಲ. ಈಗ ಕಂಪನಿ ಹೆಸರು ಬಾಷ್ ಆದರೂ ಹಳಬರಿಗೆ ಅದು ಮೈಕೋನೇ. ತಾಲೂಕು ಮಟ್ಟದಲ್ಲೂ ಟೆಸ್ಟ್ ಬೆಂಚ್ ಇರುವ ಪಂಪ್ ಅಂಗಡಿ ಸಿಗಬಹುದು. ಬೆಂಚ್ ಇಲ್ಲದವರ ಕೈಗೆ ಪಂಪು ಕೊಡಬೇಡಿ, ಎಷ್ಟೇ ಪರಿಚಯ ಇರಲಿ.

5. ಎಲ್ಲಿ ಹುಡುಕಬೇಕು?

ಮೊದಲು ಡೀಲರ್ ಹತ್ತಿರ ಹೋಗಿ. "ಹಳೇ ಗಾಡಿಗೆ ಅವರ ಹತ್ರ ಏನೂ ಇರಲ್ಲ" ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. 1035 ಹೆಸರಿನ ಗಾಡಿ ಇವತ್ತಿಗೂ ಬರುತ್ತಿರುವುದರಿಂದ ಎಷ್ಟೋ ಪಾರ್ಟ್ ಅಲ್ಲೇ ಸಿಗುತ್ತವೆ. ಸಿಗದಿದ್ದರೂ ಪಾರ್ಟ್ಸ್ ಪುಸ್ತಕದಲ್ಲಿ ನಂಬರ್ ತೋರಿಸಿ ಅಂತ ವಿನಯದಿಂದ ಕೇಳಿ. ಬೆಳಗ್ಗೆ ಗಿರಾಕಿ ಇಲ್ಲದ ಹೊತ್ತಿಗೆ ಹೋದರೆ ತೋರಿಸುತ್ತಾರೆ. ಆ ನಂಬರ್ ಇದ್ದರೆ ಮುಂದಿನ ಅರ್ಧ ದಾರಿ ಸವೆದ ಹಾಗೆ.

ಆಮೇಲೆ ಜಿಲ್ಲಾ ಕೇಂದ್ರದ ಟ್ರ್ಯಾಕ್ಟರ್ ಸ್ಪೇರ್ಸ್ ಅಂಗಡಿಗಳು. ಅಲ್ಲೂ ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. ಬೇರಿಂಗ್, ಬೋಲ್ಟ್, ಟೂಲ್ಸ್‌ಗೆ ಎಸ್.ಜೆ.ಪಿ. ರಸ್ತೆ. ಎರಡೂ ಅಕ್ಕಪಕ್ಕವೇ, ಒಂದೇ ದಿನದಲ್ಲಿ ಮುಗಿಸಬಹುದು, ಭಾನುವಾರ ಮಾತ್ರ ಬೇಡ. ಪಿಸ್ಟನ್, ಲೈನರ್ ಹುಡುಕುವಾಗ ಕಂಪನಿ ಹೆಸರು ಕೇಳಿ. ಚೆನ್ನೈನ ಇಂಡಿಯಾ ಪಿಸ್ಟನ್ಸ್, ಕೊಯಮತ್ತೂರಿನ ಬೈಮೆಟಲ್ ಬೇರಿಂಗ್ಸ್ ಇವು ಸಿಂಪ್ಸನ್ ಇರುವ ಬಳಗದವೇ. ನಾನು ಇವನ್ನೇ ತಂದೆ. ರಾಜ್‌ಕೋಟ್ ಕಡೆಯಿಂದ ಅಗ್ಗದ ಲೈನರ್ ಬರುತ್ತವೆ. ಎಲ್ಲ ಕಳಪೆ ಅಂತಲ್ಲ, ಆದರೆ ಅಳೆಯದೆ ತರಬೇಡಿ.

ಫೋನಿನಲ್ಲಿ ಹುಡುಕುವವರಿಗೆ ಒಂದು ಉಪಾಯ. ಇಂಗ್ಲೆಂಡಿನಲ್ಲಿ ಹಳೇ ಮ್ಯಾಸಿ 35 ಇಟ್ಟುಕೊಂಡವರು ತುಂಬ ಜನ ಇದ್ದಾರೆ. ಅವರಿಗೆ ಪಾರ್ಟ್ ಮಾರುವ ಅಂಗಡಿಗಳು ಚಿತ್ರ, ಅಳತೆ, ನಂಬರ್ ಎಲ್ಲ ಹಾಕಿರುತ್ತವೆ. ಅಲ್ಲಿ ನಂಬರ್ ಹುಡುಕಿ, ಇಲ್ಲಿ ಕೊಳ್ಳಿ. ಮೂರು ಸಿಲಿಂಡರ್ ಪರ್ಕಿನ್ಸ್ ಅಂತ ಖಾತ್ರಿ ಮಾಡಿಕೊಳ್ಳಿ, ಅಲ್ಲಿನ 35ರಲ್ಲಿ ನಾಲ್ಕು ಸಿಲಿಂಡರಿನದೂ ಇದೆ.

ಗುಜರಿ ಕೊನೆಗೆ. ಶಿವಾಜಿನಗರವೋ, ನಿಮ್ಮ ಊರಿನ ಗುಜರಿಯೋ, ಬ್ಲಾಕು, ಕ್ರ್ಯಾಂಕು, ರಾಡು, ಮ್ಯಾನಿಫೋಲ್ಡ್‌ನಂಥ ದಪ್ಪ ಪಾರ್ಟಿಗೆ ಮಾತ್ರ ಅದು ಲಾಯಕ್ಕು. ರಿಂಗು, ಬೇರಿಂಗು, ರಬ್ಬರು ಹಳೇದು ತರುವುದು ದಂಡ. ಬ್ಲಾಕ್ ನೋಡುವಾಗ ಟಾರ್ಚ್ ಹಿಡಿದು ಬೋರ್, ಬೋಲ್ಟ್ ತೂತುಗಳ ನಡುವೆ ಕೂದಲೆಳೆಯ ಬಿರುಕು ಹುಡುಕಿ. ಪಕ್ಕದಲ್ಲಿ ತೇಪೆ ಹಾಕಿದ ವೆಲ್ಡಿಂಗ್ ಇದ್ದರೆ ಒಮ್ಮೆ ರಾಡ್ ಮುರಿದು ಹೊರಗೆ ಬಂದಿತ್ತು ಅಂತ ತಿಳಿಯಿರಿ. ನಂಬರ್ ಉಜ್ಜಿ ಅಳಿಸಿದ ಬ್ಲಾಕನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ಬಿಲ್ ಇಲ್ಲದೆ ತರಬೇಡಿ. ಬ್ಲಾಕ್ ಬದಲಾದರೆ ಇಂಜಿನ್ ನಂಬರ್ ಬದಲಾದ ಹಾಗೆ, ಆರ್‌ಟಿಓ ಆಫೀಸಿನಲ್ಲಿ ತಿಳಿಸಿ ಆರ್‌ಸಿಯಲ್ಲಿ ತಿದ್ದಿಸಬೇಕು. ಆಗ ಆ ಬಿಲ್ಲೇ ಬೇಕಾಗುತ್ತದೆ.

6. ಅಂಗಡಿಯಲ್ಲಿ, ದುಡ್ಡು ಕೊಡುವ ಮೊದಲು

ಹಳೇ ಪಾರ್ಟು ಕೈಚೀಲದಲ್ಲಿ, ಅಳತೆಯ ಚೀಟಿ ಜೇಬಿನಲ್ಲಿ, ವರ್ನಿಯರ್ ಕೈಯಲ್ಲಿ. ನಾಚಿಕೆ ಬೇಡ. ಒಳ್ಳೇ ಅಂಗಡಿಯವರು ವರ್ನಿಯರ್ ನೋಡಿದರೆ ಖುಷಿಪಡುತ್ತಾರೆ, ವಾಪಸ್ ತರುವ ಗಿರಾಕಿ ಅಲ್ಲ ಅಂತ. "ತಾಳೆಯಾಗದಿದ್ದರೆ ವಾಪಸ್ ತಗೋತೀರಾ?" ಅಂತ ಕೇಳಿ, ಬಿಲ್ಲಿನ ಮೇಲೇ ಬರೆಸಿಕೊಳ್ಳಿ.

ಲೈನರ್ ಕೇಳುವಾಗ ಫಿನಿಷ್ಡಾ, ಸೆಮಿ ಫಿನಿಷ್ಡಾ ಅಂತ ಕೇಳಲೇಬೇಕು. ಈ ಇಂಜಿನ್‌ನಲ್ಲಿ ಇರುವುದು ಡ್ರೈ ಲೈನರ್, ನೀರು ಅದನ್ನು ಮುಟ್ಟುವುದಿಲ್ಲ, ಬ್ಲಾಕಿನೊಳಗೆ ಒತ್ತಿ ಕೂರಿಸುವ ತೆಳು ಕೊಳವೆ. ಸೆಮಿ ಫಿನಿಷ್ ಆದರೆ ಒಳಬೋರು ಬೇಕೆಂತಲೇ ಸಣ್ಣದಿರುತ್ತದೆ. ಕೂರಿಸಿದ ಮೇಲೆ ಬೋರಿಂಗ್, ಹೋನಿಂಗ್ (ಒಳಮೈ ಉಜ್ಜಿ ಸರಿ ಅಳತೆಗೆ ತರುವುದು) ಮಾಡಿಸಬೇಕು. ಇದು ಗೊತ್ತಿಲ್ಲದೆ "ಪಿಸ್ಟನ್ ಇಳೀತಿಲ್ಲ, ತಪ್ಪು ಸೈಜು" ಅಂತ ಜಗಳ ಆಡಿದವರನ್ನು ನೋಡಿದ್ದೇನೆ. ಫಿನಿಷ್ಡ್ ಆದರೂ ಕೂರಿಸಿದ ಮೇಲೆ ಇನ್ನೊಮ್ಮೆ ಅಳೆಸಿ, ತೆಳು ಗೋಡೆ ಒತ್ತುವಾಗ ಒಂಚೂರು ಕುಗ್ಗುತ್ತದೆ.

ರಿಂಗಿನ ಪರೀಕ್ಷೆ ಮನೆಯಲ್ಲೇ ಮಾಡಬಹುದು. ರಿಂಗ್ ಒಂದನ್ನೇ ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಕೆಳಗು ಹಿಡಿದು ಒಂದಿಂಚು ಕೆಳಗೆ ತಳ್ಳಿ. ಆಗ ರಿಂಗ್ ನೆಟ್ಟಗೆ ಕೂರುತ್ತದೆ. ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ (ದಪ್ಪ ಬರೆದ ತೆಳು ತಗಡುಗಳಿಂದ) ನೋಡಿ. ಅಂದಾಜು ಲೆಕ್ಕ ಅಂದರೆ ಬೋರಿನ 100 ಮಿ.ಮೀ.ಗೆ 0.3ರಿಂದ 0.4 ಮಿ.ಮೀ. ನಮ್ಮ ಬೋರಿಗೆ 0.27ರಿಂದ 0.36ರ ಒಳಗೆ ಬರಬೇಕು. ಸಂದೇ ಇಲ್ಲದಿದ್ದರೆ ಬಿಸಿಯಾದಾಗ ರಿಂಗ್ ಹಿಗ್ಗಿ ಕಚ್ಚಿಕೊಳ್ಳುತ್ತದೆ. ಒಂದು ಮಿಲಿಮೀಟರ್ ಹತ್ತಿರ ಇದ್ದರೆ ಬೇರೆ ಸೈಜಿನ ರಿಂಗ್ ಬಂದಿದೆ ಅಂತ ಅರ್ಥ.

ಬೇರೆ ಟ್ರ್ಯಾಕ್ಟರ್ ಇದ್ದವರಿಗೆ

ಎಚ್‌ಎಂಟಿ ಇದ್ದವರು "ಕಂಪನಿಯೇ ಇಲ್ಲ" ಅಂತ ಕೈಚೆಲ್ಲುತ್ತಾರೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಒಪ್ಪಿದ್ದು ನಿಜ. ಆದರೆ 2511, 3511ರ ಮೂಲ ಝೆಕ್ ದೇಶದ ಝೆಟರ್. ಆ ಹೆಸರಲ್ಲಿ ಕೇಳಿ. ಅದು ವೆಟ್ ಲೈನರ್, ನೀರಲ್ಲೇ ನಿಂತಿರುತ್ತದೆ, ತಳದ ರಬ್ಬರ್ ರಿಂಗುಗಳನ್ನು ಸೆಟ್ಟಿನ ಜತೆಗೇ ತನ್ನಿ. ಮಹೀಂದ್ರ ಬಿ-275ರ ಮೂಲ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್. ಐಷರ್ ಟ್ರ್ಯಾಕ್ಟರ್ 2005ರಲ್ಲಿ ಟಾಫೆ ಬಳಗ ಸೇರಿತು, ಅಲ್ಲಿಂದಲೇ ವಿಚಾರಿಸಿ.

ಕೊಳ್ಳುವ ಕ್ರಮ ನನ್ನದು ಹೀಗೆ: ಮೊದಲು ಕ್ರ್ಯಾಂಕ್ ಅಳತೆ ಮತ್ತು ಶೆಲ್ಲು, ಆಮೇಲೆ ಹೆಡ್ ಪರೀಕ್ಷೆ, ಆಮೇಲೆ ಪಿಸ್ಟನ್ ಲೈನರ್, ಪಂಪು ನಾಝಲ್ಲು ಅವುಗಳ ಪಾಡಿಗೆ ಪಂಪ್ ಅಂಗಡಿಯಲ್ಲಿ. ಫುಲ್ ಪ್ಯಾಕಿಂಗ್ ಸೆಟ್ ಮಾತ್ರ ಜೋಡಿಸುವ ಹಿಂದಿನ ದಿನ ತನ್ನಿ. ನಾನು ಮೊದಲೇ ತಂದು ಅಟ್ಟದ ಮೇಲೆ ಇಟ್ಟಿದ್ದೆ. ರಾಕರ್ ಕವರಿನ ಕಾರ್ಕ್ ಪ್ಯಾಕಿಂಗನ್ನು ಇಲಿ ತಿಂದಿತ್ತು.